ಬಿದ್ದ ಗೋಡೆಯ ಒಂಬತ್ತು ಸೂತ್ರಗಳು: ಒಂದು ಟೀಕು

ಮೇಲಿನಿಂದ ನೆಟ್ಟಗೆ ಕೆಳಗೆ ನೋಡಿದಂತೆ ಬರೆಯುವ ಕಲ್ಪನಾಲೋಕದ ನಕ್ಷೆಗಳಲ್ಲಿ ಪಾಳುಬಿದ್ದ ಕಟ್ಟಡಕ್ಕೆ ದೊಡ್ಡ ಪಾಲು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಪ್ರಕಟವಾಯಿತು. ಅಂದಿನಿಂದ ಮೇಜಿನ ಸುತ್ತ ಕೂತು ಆಡುವ ಪಾತ್ರಾಭಿನಯದ ಆಟಗಳಿಗೆ ಕುಸಿದ ಕೋಟೆ, ಹಾಳು ದೇಗುಲ, ಮುರಿದ ನೆಲಮಾಳಿಗೆಗಳು ಬಹುಮಟ್ಟಿಗೆ ರಂಗಸ್ಥಳವಾಗಿವೆ. ಅಲ್ಲಿ ಚೌಕುಳಿ ಹಾಕಿದ ಹಾಳೆಯೇ ನೆಲ. ಈಗಿನ ರೂಢಿಯಂತೆ ಒಂದು ಅಂಗುಲದ ಚೌಕ 5 ಅಡಿ ನೆಲಕ್ಕೆ ಸಮ, ಎಂದರೆ 60ಕ್ಕೆ 1ರ ಅಳತೆ. ಇಂಥ ನಕ್ಷೆಯಲ್ಲಿ ಗೋಡೆ, ಬಾಗಿಲು, ಮೆಟ್ಟಿಲುಗಳಿಗೆ ನಿಶ್ಚಿತವಾದ ಗುರುತುಗಳುಂಟು. ಕಲ್ಲುಮಣ್ಣಿನ ರಾಶಿಗೆ ಗುರುತು ಸಾಲದು; ರಾಶಿಯು ನಡೆದುಹೋದ ಒಂದು ಬೀಳುವಿಕೆಯ ಉಳಿಕೆಯಾದುದರಿಂದ, ಬಿದ್ದುದು ಯಾವುದು, ಬಿದ್ದ ಬಗೆ ಯಾವುದು ಎಂಬುದನ್ನು ಅದರ ಪ್ರತಿ ಕಲ್ಲೂ ಹೇಳಬೇಕಾಗುತ್ತದೆ. ಬೂದುಬಣ್ಣದ ಚುಕ್ಕೆಗಳನ್ನು ಸಮನಾಗಿ ಉದುರಿಸಿ ‘ಇಲ್ಲಿ ಕಲ್ಲಿದೆ’ ಎಂದು ಬಿಡುವ ನಕ್ಷೆ ಈ ಎರಡಕ್ಕೂ ಉತ್ತರ ಕೊಡಲಾರದು. ಬರೆಯುವ ಕ್ರಮವನ್ನು ವಿವರಣೆಗೆ ಒದಗುವಂತೆ ಸೂತ್ರಗಳಲ್ಲಿ ಅಡಕಮಾಡಿ ಕೆಳಗೆ ಇಟ್ಟಿದೆ.

ನಿಂತುದ ಮೊದಲು ಬರೆ, ಬಿದ್ದುದ ಬಳಿಕ.
ಬಿದ್ದ ಬಗೆಯ ನಿಶ್ಚಯಿಸು.
ರಾಶಿಯ ಹರಹನಳೆ.
ಹಿರಿದು ಕೆಲವು, ಕಿರಿದು ಹಲವು.
ಕಲ್ಲಿಗೆ ಅದರದೇ ಒಡಕು.
ತೊಲೆ ಅಡಿಯಲಿ, ಕಲ್ಲು ಮೇಲೆ.
ಬೆಳಕೊಂದೆ ಕಡೆ, ನೆರಳು ನೆಟ್ಟಗಿದ್ದುದಕೆ, ಮಬ್ಬು ಇಳಿಜಾರಿಗೆ.
ಅಂಚ ಕಟ್ಟದಿರು.
ಕಾಲವ ತೋರು, ಹಾದಿಯ ಬಿಡು.

ಒಂಬತ್ತೂ ಸೂತ್ರಗಳಿಗೆ ಒಂದೇ ನಿದರ್ಶನ ಸಲ್ಲಲಿ. ಒಂದು ಕಾವಲುಕೋಟೆಯ ಹಜಾರ. ಒಳಗೆ ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ. ಸುತ್ತ 3 ಅಡಿ ದಪ್ಪ, 20 ಅಡಿ ಎತ್ತರದ ಕಲ್ಲುಗೋಡೆ. ಮೇಲೆ ತೊಲೆ, ಜಂತಿ, ಹೆಂಚಿನ ಮಾಡು. ಅದರ ಪೂರ್ವದ ಗೋಡೆ ಬಿದ್ದಿದೆ. ಬರೆಯಬೇಕಾದುದು ಆ ಗೋಡೆಯನ್ನು.

“ನಿಂತುದ ಮೊದಲು ಬರೆ, ಬಿದ್ದುದ ಬಳಿಕ.” ‘ನಿಂತುದು’ ಎಂದರೆ ಈಗ ನಿಂತಿರುವ ತುಂಡುಗೋಡೆಯಷ್ಟೇ ಎಂದು ತಿಳಿಯಬಾರದು; ಬೀಳುವ ಮುನ್ನ ಇದ್ದ ಇಡೀ ಕಟ್ಟಡ ಎಂದರ್ಥ. ಪೂರ್ವದ ಗೋಡೆಯ ಎರಡು ಗೆರೆಗಳು, ಅದರಲ್ಲಿದ್ದ ಬಾಗಿಲು, ಬಾಗಿಲ ಮೇಲಿನ ಕಲ್ಲಿನ ಅಡ್ಡಪಟ್ಟಿ, ಕಿಟಕಿ ಇದ್ದರೆ ಕಿಟಕಿ, ಇವೆಲ್ಲ ತಿಳಿಯಾದ ಪೆನ್ಸಿಲಿನಲ್ಲಿಯೋ ತಂತ್ರಾಂಶದ ಪ್ರತ್ಯೇಕ ಪದರದಲ್ಲಿಯೋ ಮೊದಲು ಬರಬೇಕು. ‘ಅಳಿಸಿಹಾಕುವುದನ್ನು ಬರೆಯುವ ಶ್ರಮವೇಕೆ?’ ಎಂಬ ಶಂಕೆ ಏಳಬಹುದು. ಪರಿಹಾರವೆಂತೆಂದರೆ, ರಾಶಿಯಲ್ಲಿ ಕಾಣುವ ಪ್ರತಿ ಕಲ್ಲಿಗೂ ಒಂದು ಮೂಲಸ್ಥಾನ ಇರಲೇಬೇಕು. ಬಾಗಿಲೇ ಇಲ್ಲದಿದ್ದ ಗೋಡೆಯ ರಾಶಿಯಲ್ಲಿ ಬಾಗಿಲ ಅಡ್ಡಪಟ್ಟಿ ಕಂಡರೆ ನೋಡುವವನು ಕಾರಣ ಹೇಳಲಾರನಾದರೂ ನಕ್ಷೆಯನ್ನು ನಂಬುವುದಿಲ್ಲ. ಉಳಿದ ಗೋಡೆಗೂ ಬಿದ್ದ ಗೋಡೆಗೂ ಗೆರೆಯ ತೂಕದಲ್ಲಿ ಭೇದವಿರತಕ್ಕದ್ದು ಎಂಬುದೂ ಈ ಸೂತ್ರದೊಳಗೇ ಅಡಗಿದೆ. 1748ರಲ್ಲಿ ಜಿಯಾಂಬತಿಸ್ತಾ ನೊಲ್ಲಿ ಪ್ರಕಟಿಸಿದ ರೋಮ್ ನಗರದ ನಕ್ಷೆಯಲ್ಲಿ ಪ್ರಾಚೀನ ಕಟ್ಟಡಗಳ ಅವಶೇಷಗಳಿಗೆ ಗಾಢವಾದ ಕಪ್ಪು, ಆಮೇಲಿನ ಮನೆಮಠಗಳಿಗೆ ಅದಕ್ಕಿಂತ ತೆಳುವಾದ ಗೀರುತುಂಬು. ಒಂದೇ ಬಣ್ಣದ ಶಾಯಿಯಲ್ಲಿ ಎರಡು ಕಾಲಗಳು ಬೇರೆಬೇರೆಯಾಗಿ ಓದಿಗೆ ಸಿಗುತ್ತವೆ.

“ಬಿದ್ದ ಬಗೆಯ ನಿಶ್ಚಯಿಸು.” ಗೋಡೆ ಬೀಳುವ ಬಗೆ ಮುಖ್ಯವಾಗಿ ಎರಡು. ಗಾರೆ ಸತ್ತು, ನೀರು ನುಗ್ಗಿ, ಮೇಲಿನ ಸಾಲಿನಿಂದ ಕಲ್ಲುಕಲ್ಲಾಗಿ ಕಳಚುವುದು ಮೊದಲನೆಯದು, ಇದು ಉದುರುವುದು. ಬುಡ ಕುಸಿದೋ, ನೆಲ ನಡುಗಿಯೋ, ಮಾಡಿನ ಜಂತಿಗಳು ಹೊರಕ್ಕೆ ಒತ್ತಿಯೋ ಇಡೀ ಗೋಡೆ ಒಂದೇ ಬಾರಿಗೆ ವಾಲಿ ಬೀಳುವುದು ಎರಡನೆಯದು, ಇದು ಮಗುಚುವುದು. ಉದುರಿದ ಗೋಡೆಯ ಕಲ್ಲು ತನ್ನ ಬುಡದಲ್ಲೇ, ಇಕ್ಕೆಲದಲ್ಲೂ ಗುಡ್ಡೆಯಾಗುತ್ತದೆ. ಮಗುಚಿದ ಗೋಡೆಯ ಕಲ್ಲು ಒಂದೇ ಬದಿಗೆ ಹಾಸಿಕೊಳ್ಳುತ್ತದೆ, ಮತ್ತು ಬುಡದ ಸಾಲು ಹತ್ತಿರ, ತಲೆಯ ಸಾಲು ದೂರ ಎಂಬ ಕ್ರಮವನ್ನು ಬಿಡುವುದಿಲ್ಲ. ಗೋಡೆಯ ತುದಿಯಲ್ಲಿ ತೆನೆಗಲ್ಲು, ಎಂದರೆ ಹಲ್ಲುಹಲ್ಲಾಗಿ ನಿಲ್ಲಿಸಿದ ಕಾಪುಗಲ್ಲುಗಳಿದ್ದರೆ ಅವು ರಾಶಿಯ ಹೊರಅಂಚಿನಲ್ಲಿ ಸಿಗಬೇಕು, ಬುಡದಲ್ಲಲ್ಲ.

ಈ ಕ್ರಮದ ಅತ್ಯಂತ ಸ್ಪಷ್ಟವಾದ ಸಾಕ್ಷಿ ಅಥೆನ್ಸ್ ನಗರದ ಒಲಿಂಪಿಯನ್ ಸ್ಯೂಸ್ ದೇಗುಲದಲ್ಲಿದೆ. ಅಲ್ಲಿಯ ಒಂದು ಕಂಬ 1852ರ ಬಿರುಗಾಳಿಗೆ ಬಿತ್ತು. ಇಂದಿಗೂ ಬಿದ್ದಲ್ಲೇ ಇದೆ. ಕಂಬವನ್ನು ಕಟ್ಟಿದ ಗುಂಡನೆಯ ಕಲ್ಲುಬಿಲ್ಲೆಗಳು, ಹೆಚ್ಚಿ ಓರಣವಾಗಿ ಒರಗಿಸಿಟ್ಟ ಸೌತೆಕಾಯಿಯಂತೆ, ಒಂದರ ಮೇಲೊಂದು ವಾಲಿ ಸಾಲಾಗಿ ಮಲಗಿವೆ. ಮೇಲಿನಿಂದ ನೋಡುವ ನಕ್ಷೆಗಾರನು ಇಲ್ಲಿ ಒಂದು ಸೂಕ್ಷ್ಮವನ್ನು ಗ್ರಹಿಸಬೇಕು. ನಿಂತ ಕಂಬ ನಕ್ಷೆಯಲ್ಲಿ ಒಂದು ವೃತ್ತ. ಬಿದ್ದ ಕಂಬದಲ್ಲಿ ವೃತ್ತವೇ ಕಾಣುವುದಿಲ್ಲ. ಪ್ರತಿ ಬಿಲ್ಲೆಯೂ ಪಕ್ಕಕ್ಕೆ ಮಲಗಿರುವುದರಿಂದ ಕಂಬದ ಅಗಲವೇ ಉದ್ದವಾಗಿರುವ ಕಿರಿದಾದ ಆಯತ ಕಾಣುತ್ತದೆ, ಅಂಥ ಆಯತಗಳ ಸಾಲು ಕಂಬದ ಪೀಠದಿಂದ ಹೊರಟು ದೂರಕ್ಕೆ ಸಾಗುತ್ತದೆ, ಕೊನೆಯಲ್ಲಿ ಕೆತ್ತನೆಯ ಬೋದಿಗೆ ಬಿದ್ದಿರುತ್ತದೆ. ಎಷ್ಟೋ ನಕ್ಷೆಗಳಲ್ಲಿ ಬಿದ್ದ ಕಂಬದ ಸುತ್ತ ವೃತ್ತಾಕಾರದ ಬಿಲ್ಲೆಗಳನ್ನು ಚದುರಿಸಿರುತ್ತಾರೆ. ಒಂದೆರಡು ಬಿಲ್ಲೆ ಉರುಳಿ ಮಗುಚಿ ಅಂಗಾತ ಬೀಳುವುದುಂಟು. ಎಲ್ಲವೂ ಹಾಗೆ ಬೀಳುವುದಿಲ್ಲ.

“ರಾಶಿಯ ಹರಹನಳೆ.” ಹರಹು ಎಂದರೆ ನೆಲದ ಮೇಲೆ ರಾಶಿ ಆಕ್ರಮಿಸುವ ವಿಸ್ತಾರ. ಅದು ಬರೆಯುವವನ ಇಚ್ಛೆಗೆ ಬಿಟ್ಟದ್ದಲ್ಲ, ಲೆಕ್ಕಕ್ಕೆ ಸಿಗುವಂಥದು. ಎರಡು ಸಂಗತಿಗಳನ್ನು ಹಿಡಿದುಕೊಂಡರೆ ಸಾಕು. ಮೊದಲನೆಯದು, ಕಟ್ಟಿದ ಕಲ್ಲು ಒಡೆದು ಬಿದ್ದಾಗ ನಡುವೆ ಪೊಳ್ಳು ಸೇರಿ ಅದರ ಗಾತ್ರ ಹಿಗ್ಗುತ್ತದೆ. ಸುಮಾರಾಗಿ ಒಂದೂವರೆ ಪಟ್ಟು ಎಂದು ಹಿಡಿಯಬಹುದು. ಎರಡನೆಯದು, ಸಡಿಲ ಕಲ್ಲು ತನಗೆ ತಾನೇ ಒಂದು ಇಳಿಜಾರಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕಡಿದಾದರೆ ಜಾರುತ್ತದೆ. ಈ ನಿಲುಗಡೆಯ ಕೋನ ಕಲ್ಲುರಾಶಿಗೆ 35 ಡಿಗ್ರಿಯ ಆಸುಪಾಸು, ಎಂದರೆ 10 ಅಡಿ ದೂರಕ್ಕೆ 7 ಅಡಿಯ ಏರು.

ನಿದರ್ಶನದ ಗೋಡೆಗೆ ಇದನ್ನು ಹಚ್ಚೋಣ. 3 ಅಡಿ ದಪ್ಪ, 20 ಅಡಿ ಎತ್ತರ: ಗೋಡೆಯ ಉದ್ದದ ಒಂದೊಂದು ಅಡಿಗೂ 60 ಘನ ಅಡಿ ಕಲ್ಲು. ಬಿದ್ದ ಮೇಲೆ ಅದು 90 ಘನ ಅಡಿ. ಗೋಡೆ ಪೂರ್ತಿ ಉದುರಿದ್ದಾದರೆ ಆ 90 ಘನ ಅಡಿ, ಎರಡೂ ಬದಿಗೆ 35 ಡಿಗ್ರಿ ಇಳಿಜಾರಿನ ದಿಬ್ಬವಾಗಿ ನಿಲ್ಲುತ್ತದೆ; ನೆತ್ತಿಯ ಎತ್ತರ ಸುಮಾರು 8 ಅಡಿ, ಒಳಕ್ಕೂ ಹೊರಕ್ಕೂ ಸುಮಾರು 11 ಅಡಿ ಹರಹು. ನಕ್ಷೆಯಲ್ಲಿ ಗೋಡೆಯ ನಡುಗೆರೆಯಿಂದ ಎರಡೂ ಪಕ್ಕಕ್ಕೆ ಎರಡು ಚೌಕಕ್ಕಿಂತ ತುಸು ಹೆಚ್ಚು. ಅದೇ ಗೋಡೆ ಹೊರಕ್ಕೆ ಮಗುಚಿದ್ದಾದರೆ ಅದರ ತಲೆ ಬುಡದಿಂದ 20 ಅಡಿ ದೂರ ಹೋಗಿ ಬೀಳುತ್ತದೆ. ಹರಹು ಒಂದೇ ಬದಿಗೆ 4 ಚೌಕ, ದಪ್ಪ ಮಾತ್ರ 3ರಿಂದ 5 ಅಡಿಯೊಳಗೆ. ಕಲ್ಲು ಎರಡರಲ್ಲೂ ಅಷ್ಟೇ. ಒಂದು ಹತ್ತಿ ದಾಟಬೇಕಾದ ದಿಬ್ಬ, ಇನ್ನೊಂದು ಎಡವುತ್ತ ನಡೆಯಬಹುದಾದ ಹಾಸು. ಹಿಂದಿನ ಸೂತ್ರದ ನಿಶ್ಚಯ ಇಲ್ಲಿ ಆಟದ ನಡೆಯನ್ನೇ ಬದಲಿಸುತ್ತದೆಂಬುದನ್ನು ಗಮನಿಸತಕ್ಕದ್ದು.

ಇನ್ನೊಂದು ಮಾತು ಇಲ್ಲಿಗೇ ಸೇರುತ್ತದೆ. ಗೋಡೆ 20 ಅಡಿ ಇತ್ತೆಂದು ಹೇಳಿ ರಾಶಿಯನ್ನು ಒಂದೇ ಚೌಕದಲ್ಲಿ ಮುಗಿಸಿದರೆ, ಉಳಿದ ಕಲ್ಲು ಎಲ್ಲಿ ಎಂದು ನಕ್ಷೆ ಉತ್ತರಿಸಬೇಕಾಗುತ್ತದೆ. ಅದಕ್ಕೂ ಸರಿಯಾದ ಉತ್ತರವುಂಟು: ಜನ ಹೊತ್ತುಕೊಂಡು ಹೋಗಿದ್ದಾರೆ. ರೋಮಿನ ಕೊಲೋಸಿಯಂನ ಹೊರಸುತ್ತಿನ ದಕ್ಷಿಣ ಭಾಗ 1349ರ ಭೂಕಂಪದಲ್ಲಿ ಕುಸಿಯಿತು. ಬಿದ್ದ ಕಲ್ಲುಗಳು ಅದೇ ನಗರದ ಬೇರೆ ಕಟ್ಟಡಗಳಿಗೆ ಸೇರಿಹೋದವು. ಊರಿಗೆ ಹತ್ತಿರದ ಹಾಳಿನಲ್ಲಿ ಚೆನ್ನಾಗಿ ಕೆತ್ತಿದ ಚೌಕಗಲ್ಲು ಮೊದಲು ಮಾಯವಾಗುತ್ತದೆ, ಗೋಡೆಯ ಹೊಟ್ಟೆಯೊಳಗೆ ತುಂಬಿದ್ದ ಒರಟುಕಲ್ಲು ಮತ್ತು ಗಾರೆ ಉಳಿಯುತ್ತವೆ. ಆದ್ದರಿಂದ ಕಾಡಿನೊಳಗಿನ ಕೋಟೆಗೆ ತುಂಬು ರಾಶಿ, ಊರಂಚಿನ ಕೋಟೆಗೆ ಬಡವಾದ ರಾಶಿ ಸಲ್ಲುತ್ತದೆ.

“ಹಿರಿದು ಕೆಲವು, ಕಿರಿದು ಹಲವು.” ಈ ಸೂತ್ರವನ್ನು ಎಲ್ಲರೂ ಒಪ್ಪುತ್ತಾರೆ, ಎಷ್ಟು ಕೆಲವು, ಎಷ್ಟು ಹಲವು ಎಂದು ಕೇಳಿದರೆ ಕೈ ತಡೆಯುತ್ತದೆ. ಒಡೆದ ಬಂಡೆಯ ಚೂರುಗಳನ್ನು ಅಳೆದು ನೋಡಿದಾಗ ಅನೇಕ ಸಂದರ್ಭಗಳಲ್ಲಿ ಕಂಡಿರುವ ನಿಯಮ ಇದು: ಗಾತ್ರ ಅರ್ಧಕ್ಕಿಳಿದಾಗ ಚೂರುಗಳ ಸಂಖ್ಯೆ ಐದಾರು ಪಟ್ಟು ಏರುತ್ತದೆ. ನಕ್ಷೆಯ ಒಂದು ರಾಶಿಯಲ್ಲಿ 2 ಅಡಿಯ ಬಂಡೆ 6 ಇದ್ದರೆ, 1 ಅಡಿಯವು ಸುಮಾರು 34, ಅರ್ಧ ಅಡಿಯವು ಸುಮಾರು 190, 3 ಅಂಗುಲದವು ಸಾವಿರದ ಮೇಲೆ. ಕೈಯಿಂದ ಬರೆಯುವವನ ಸಾಮಾನ್ಯ ತಪ್ಪು ಮಧ್ಯಮ ಗಾತ್ರದ ಕಲ್ಲುಗಳನ್ನೇ ಬರೆಯುತ್ತ ಹೋಗುವುದು. ಒಂದೇ ಗಾತ್ರದ ಕಲ್ಲುಗಳು ತುಂಬಿದ ರಾಶಿ ನೋಡುವವನಿಗೆ ರಸ್ತೆ ಪಕ್ಕದಲ್ಲಿ ಸುರಿದ ಜಲ್ಲಿಯ ಲೋಡಾಗಿ ತೋರುತ್ತದೆ, ಏಕೆಂದರೆ ಜರಡಿ ಹಿಡಿದ ಕಲ್ಲಿನಲ್ಲಿ ಮಾತ್ರ ಆ ಸಮತೆ ಇರುತ್ತದೆ.

ಸಾವಿರ ಚೂರುಗಳನ್ನು ಬಿಡಿಬಿಡಿಯಾಗಿ ಬರೆಯಬೇಕೆ ಎಂದರೆ, ಬೇಡ. ಅಳತೆಯೇ ಇದಕ್ಕೆ ಎಲ್ಲೆ ಹಾಕುತ್ತದೆ. ಗಣಕದ ಪರದೆಯ ಮೇಲೆ ಆಡುವವರ ಫೌಂಡ್ರಿ ತಂತ್ರಾಂಶದಲ್ಲಿ ಒಂದು ಚೌಕದ ರೂಢಿಯ ಅಳತೆ 100 ಪಿಕ್ಸೆಲ್. ಒಂದು ಅಡಿಗೆ 20. ಆಗ 2 ಅಡಿಯ ಬಂಡೆ 40 ಪಿಕ್ಸೆಲ್ ಆಗುತ್ತದೆ. ಅದಕ್ಕೆ ಮುಖ, ಅಂಚು, ಬಿರುಕು ಎಲ್ಲ ಬರೆಯಬಹುದು. 9 ಅಂಗುಲದ ಇಟ್ಟಿಗೆ 15 ಪಿಕ್ಸೆಲ್. ಹೊರಗೆರೆ ಮತ್ತು ಒಂದು ನೆರಳು ಸಾಕು. 3 ಅಂಗುಲದ ಚೂರು 5 ಪಿಕ್ಸೆಲ್. ಒಂದು ಕುಂಚದ ಚುಕ್ಕೆ. ಒಂದು ಅಂಗುಲಕ್ಕೆ ಇಳಿದರೆ ಎರಡು ಪಿಕ್ಸೆಲ್ಲೂ ಇಲ್ಲ. ಅಲ್ಲಿಂದ ಮುಂದೆ ಕಲ್ಲು ಕಲ್ಲಾಗಿರದೆ ನೆಲದ ಬಣ್ಣದ ಒರಟುತನವಾಗುತ್ತದೆ. ಉತ್ಖನನದಲ್ಲಿ ಅವಶೇಷಗಳನ್ನು ಬರೆಯುವವರು ಒಂದು ಮೀಟರಿನ ಚೌಕಟ್ಟನ್ನು ನೆಲದ ಮೇಲಿಟ್ಟು, 20ಕ್ಕೆ 1ರ ಅಳತೆಯಲ್ಲಿ ಕಲ್ಲುಕಲ್ಲನ್ನೂ ದಾಖಲಿಸುತ್ತಾರೆ. ಅವರ ಕಾಗದದಲ್ಲಿ ಒಂದು ಸೆಂಟಿಮೀಟರ್ ಬರುವ ಕಲ್ಲು ಆಟದ ನಕ್ಷೆಯಲ್ಲಿ ಮೂರು ಮಿಲಿಮೀಟರ್ ಚಿಲ್ಲರೆ. ಅವರ ಶ್ರದ್ಧೆಯನ್ನು ಕಲಿಯತಕ್ಕದ್ದು, ಅವರಷ್ಟು ಕಲ್ಲುಗಳನ್ನು ಬರೆಯಬೇಕಾದ್ದಿಲ್ಲ.

ಗಾತ್ರಗಳ ಸ್ಥಾನವೂ ಈ ಸೂತ್ರದಲ್ಲೇ ಅಡಕ. ದೊಡ್ಡ ಕಲ್ಲಿಗೆ ಉರುಳುವ ಓಟ ಹೆಚ್ಚು. ಇಳಿಜಾರಿನ ಬುಡವನ್ನು ದಾಟಿ ಒಂದಷ್ಟು ದೂರ ಹೋಗಿ ನಿಲ್ಲುವುದು ಅದೇ. ಸಣ್ಣ ಚೂರು ಪೊಳ್ಳುಗಳ ನಡುವೆ ಇಳಿದು ಒಳಗೆ ಸೇರಿಕೊಳ್ಳುತ್ತದೆ. ಹೀಗಾಗಿ ರಾಶಿಯ ಮೈಮೇಲೆ ಚೂರು ಕಡಿಮೆ ಕಂಡು, ನೆತ್ತಿಯ ಹತ್ತಿರ, ಉಳಿದ ಗೋಡೆಯ ಬುಡದ ಮೂಲೆಯಲ್ಲಿ ಹೆಚ್ಚು ಕಾಣುತ್ತದೆ. ನಡುವೆ ದೊಡ್ಡವನ್ನು ಗುಡ್ಡೆಮಾಡಿ ಅಂಚಿಗೆ ಸಣ್ಣವನ್ನು ಚೆಲ್ಲುವ ಅಭ್ಯಾಸ ಎಲ್ಲೆಡೆ ಹರಡಿದೆ. ಕಲ್ಲು ಹಾಗೆ ನಡೆದುಕೊಳ್ಳುವುದಿಲ್ಲ.

“ಕಲ್ಲಿಗೆ ಅದರದೇ ಒಡಕು.” ಮಣ್ಣಿನ ಪದರ ಗಟ್ಟಿಯಾಗಿ ಆದ ಕಲ್ಲು ಪದರದ ಗುಂಟ ಬಿಟ್ಟುಕೊಂಡು ಚಪ್ಪಟೆಯಾಗುತ್ತದೆ, ಮೇಲಿನಿಂದ ಅಗಲವಾದ ಹಾಳೆ, ಕಿರಿದಾದ ನೆರಳು. ಇಟ್ಟಿಗೆ ಅರ್ಧ, ಮುಕ್ಕಾಲು ತುಂಡುಗಳಾಗುತ್ತದೆ, ಎರಡು ಮೂರು ಇಟ್ಟಿಗೆಗಳು ಗಾರೆಯಿಂದ ಅಂಟಿಕೊಂಡೇ ಉರುಳುತ್ತವೆ. ಆ ಅಂಟಿದ ಗಡ್ಡೆಯೊಂದನ್ನು ಬರೆದರೆ ಉಳಿದುದೆಲ್ಲ ಇಟ್ಟಿಗೆಯೆಂದು ತಾನೇ ತಿಳಿಯುತ್ತದೆ. ಕಣಶಿಲೆ, ಎಂದರೆ ನಮ್ಮಲ್ಲಿ ಗ್ರಾನೈಟ್ ಎಂದೇ ಬಳಕೆಯಲ್ಲಿರುವ ಗಟ್ಟಿಕಲ್ಲು, ಕಂಬ ಮತ್ತು ತೊಲೆಗಲ್ಲುಗಳ ಕಟ್ಟಡದಲ್ಲಿ ಚೂರಾಗುವುದಕ್ಕಿಂತ ಉದ್ದುದ್ದ ತುಂಡುಗಳಾಗಿ ಬೀಳುತ್ತದೆ. ಹಂಪೆಯ ಬಿದ್ದ ಮಂಟಪಗಳನ್ನು ನೋಡಿದವರಿಗೆ ಇದು ಗೊತ್ತು: ಅಲ್ಲಿ ರಾಶಿಗಿಂತ ಒಂದರ ಮೇಲೊಂದು ಓರೆಯಾಗಿ ಒರಗಿದ ಕಂಬ, ಚಪ್ಪಡಿಗಳೇ ಹೆಚ್ಚು. ಅಲ್ಲಿಯ ಗೋಪುರಗಳಲ್ಲಿ ಕೆಳಗಿನ ಅಂತಸ್ತು ಕಲ್ಲಿನದು, ಮೇಲಿನವು ಇಟ್ಟಿಗೆ ಗಾರೆಯವು. ಒಂದೇ ಕಟ್ಟಡ ಎರಡು ಬಗೆಯ ರಾಶಿ ಕೊಡುತ್ತದೆ. ಅರಮನೆಗಳಿಗಾದರೋ ಕಲ್ಲಿನ ಜಗಲಿ ಮಾತ್ರ ಉಳಿದಿದೆ, ಏಕೆಂದರೆ ಮೇಲಿನದು ಹೆಚ್ಚಾಗಿ ಮರ ಮುಂತಾದ ಬೇಗ ಅಳಿಯುವ ವಸ್ತುವಾಗಿತ್ತು. ಕಲ್ಪನೆಯ ರಾಜ್ಯವನ್ನು ಬರೆಯುವ ಕನ್ನಡಿಗನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

“ತೊಲೆ ಅಡಿಯಲಿ, ಕಲ್ಲು ಮೇಲೆ.” ಸಾಮಾನ್ಯವಾಗಿ ಮೊದಲು ಬೀಳುವುದು ಮಾಡು, ಆಮೇಲೆ ಗೋಡೆ. ಹೀಗಾಗಿ ಹೆಂಚು, ಜಂತಿ, ತೊಲೆ ನೆಲಕ್ಕೆ ಅಂಟಿಕೊಂಡು ಅಡಿಯಲ್ಲಿರುತ್ತವೆ, ಗೋಡೆಗಲ್ಲು ಅವುಗಳ ಮೇಲೆ. ತೊಲೆಯ ಒಂದು ತುದಿ ರಾಶಿಯೊಳಗೆ ಹೂತು ಇನ್ನೊಂದು ತುದಿ ಹೊರಗೆ ಚಾಚಿದ್ದರೆ ನೋಡುವವನಿಗೆ ಬೀಳುವಿಕೆಯ ಕ್ರಮ ಒಂದೇ ನೋಟಕ್ಕೆ ತಿಳಿಯುತ್ತದೆ. ಇಡೀ ತೊಲೆಯನ್ನು ರಾಶಿಯ ನೆತ್ತಿಯ ಮೇಲೆ ಅಡ್ಡ ಹಾಕಿದರೆ ಯಾರೋ ತಂದು ಇಟ್ಟಂತಾಗುತ್ತದೆ. ಬರೆಯುವ ಕ್ರಮ ಸಾಧನವನ್ನು ಅನುಸರಿಸುತ್ತದೆ. ಶಾಯಿಯಲ್ಲಿ ಬರೆಯುವವನು ಎಲ್ಲಕ್ಕಿಂತ ಮೇಲಿನ ಕಲ್ಲನ್ನು ಮೊದಲು ಪೂರ್ತಿ ಬರೆದು, ಕೆಳಗಿನದರ ಗೆರೆಯನ್ನು ಅದಕ್ಕೆ ತಾಗಿಸಿ ನಿಲ್ಲಿಸಬೇಕು. ಪದರಗಳಲ್ಲಿ ಕೆಲಸ ಮಾಡುವವನು ಕೆಳಗಿನಿಂದ ಮೇಲಕ್ಕೆ ಹೋಗುತ್ತಾನೆ.

“ಬೆಳಕೊಂದೆ ಕಡೆ, ನೆರಳು ನೆಟ್ಟಗಿದ್ದುದಕೆ, ಮಬ್ಬು ಇಳಿಜಾರಿಗೆ.” ಒಂಬತ್ತರಲ್ಲಿ ಅತ್ಯಂತ ತೂಕದ ಸೂತ್ರವಿದು. ಮೇಲಿನಿಂದ ನೋಡುವಾಗ ಲಂಬವಾದ ಮುಖಗಳೆಲ್ಲ ಕಣ್ಣಿಗೆ ಮರೆ. ಎತ್ತರವನ್ನು ಹೇಳಲು ಬೆಳಕನ್ನು ಬಿಟ್ಟರೆ ಹೆಚ್ಚಿನ ದಾರಿಯಿಲ್ಲ. ‘ಒಂದೆ ಕಡೆ’ ಎಂದರೆ ರೂಢಿಯಲ್ಲಿ ಎಡಮೇಲಿನ ಮೂಲೆ, ವಾಯವ್ಯ. ಉತ್ತರ ಗೋಳಾರ್ಧದ ಬಹುಭಾಗದಲ್ಲಿ ನಡುಹಗಲಿನ ಸೂರ್ಯ ಆ ಕಡೆಗೆ ಬರುವುದೇ ಇಲ್ಲ. ಆದರೂ ಭೂಪಟ ಬರೆಯುವವರು ಈ ರೂಢಿಯನ್ನು ಬಿಟ್ಟಿಲ್ಲ, ಏಕೆಂದರೆ ಬೆಳಕು ಕೆಳಗಿನಿಂದ ಬಂದಂತೆ ಛಾಯೆ ಕೊಟ್ಟರೆ ಬಹುಮಂದಿಯ ಕಣ್ಣು ಬೆಟ್ಟವನ್ನು ಕಣಿವೆಯಾಗಿ, ಕಣಿವೆಯನ್ನು ಬೆಟ್ಟವಾಗಿ ಓದುತ್ತದೆ. ಕಲ್ಲುರಾಶಿ ಆ ತಪ್ಪಿಗೆ ಸಿಕ್ಕರೆ ಗುಂಡಿಯಾಗುತ್ತದೆ.

‘ನೆರಳು’ ಮತ್ತು ‘ಮಬ್ಬು’ ಇವೆರಡನ್ನು ಸೂತ್ರ ಬೇರ್ಪಡಿಸಿ ಹೇಳಿದೆ. ಬೆಳಕಿಗೆ ಅಡ್ಡ ನಿಂತ ವಸ್ತು ಆಚೆ ನೆಲದ ಮೇಲೆ ಹಾಕುವ ಕತ್ತಲೆ ನೆರಳು. ಬೆಳಕಿಗೆ ಓರೆಯಾದ ಮೈಗೆ ಕಡಿಮೆ ಬೆಳಕು ಸಿಕ್ಕುವುದು ಮಬ್ಬು. ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದಾನೆಂದು ಇಟ್ಟುಕೊಳ್ಳೋಣ. ರಾಶಿಯ ಇಳಿಜಾರು 35 ಡಿಗ್ರಿ. ಬೆಳಕಿನ ಕಿರಣ ಇಳಿಜಾರಿಗಿಂತ ಕಡಿದಾಗಿ ಇಳಿಯುವುದರಿಂದ ರಾಶಿಯ ಹಿಂಬದಿಗೂ ಅದು ತಾಗಿಯೇ ತಾಗುತ್ತದೆ. ಎಂದಮೇಲೆ ಇಡೀ ರಾಶಿಯು ನೆಲದ ಮೇಲೆ ನೆರಳನ್ನೇ ಹಾಕುವುದಿಲ್ಲ! ನಿದರ್ಶನದ ದಿಬ್ಬ ಉತ್ತರ-ದಕ್ಷಿಣವಾಗಿ ಚಾಚಿದೆ, ಬೆಳಕು ವಾಯವ್ಯದಿಂದ. ಸೂರ್ಯನಿಗೆ ನೇರ ಮುಖಮಾಡಿದ ಮೈಗೆ 100 ಪಾಲು ಬೆಳಕೆಂದು ಎಣಿಸಿದರೆ ಸಮತಟ್ಟಾದ ನೆಲಕ್ಕೆ ಸುಮಾರು 71, ದಿಬ್ಬದ ಪಶ್ಚಿಮ ಮೈಗೆ 87, ಪೂರ್ವದ ಮೈಗೆ 29. ಹಿಂಬದಿ ಮಬ್ಬಾಗುತ್ತದೆ, ಕಪ್ಪಾಗುವುದಿಲ್ಲ. ಬುಡ ತಲುಪಿ ಇಳಿಜಾರು ಸಪಾಟಾದಂತೆಲ್ಲ ಮಬ್ಬು ಕರಗಿ ನೆಲದ ಬಣ್ಣದೊಳಗೆ ಸೇರುತ್ತದೆ. ಆದರೆ ರಾಶಿಯ ಮೇಲಿನ ಬಿಡಿಕಲ್ಲುಗಳ ಮುಖ ಕಡಿದಾದುದರಿಂದ ಅವು ಒಂದೊಂದೂ ತನ್ನ ಎತ್ತರದಷ್ಟೇ ಉದ್ದದ ಸಣ್ಣ ನೆರಳನ್ನು ಚೂಪಾಗಿ ಹಾಕುತ್ತವೆ. ವಿಸ್ತಾರವಾದ ಮೃದು ಮಬ್ಬು, ಅದರ ಮೇಲೆ ಕಿರಿದಾದ ಗಟ್ಟಿ ನೆರಳುಗಳು: ಇವೆರಡರ ಜೋಡಿಯಿಂದಲೇ ರಾಶಿಗೆ ಗಾತ್ರ ಬರುತ್ತದೆ.

ಇದನ್ನರಿಯದೆ ರಾಶಿಯ ಹೊರಗೆರೆಯ ಸುತ್ತ ಒಂದು ದಟ್ಟ ನೆರಳನ್ನು ಕೂಡಿಸುವುದುಂಟು. ತಂತ್ರಾಂಶದಲ್ಲಿ ಅದು ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಆಗ ರಾಶಿ ನೆಲದಿಂದ ಎದ್ದು ತೇಲುವ ಹಲಗೆಯಾಗುತ್ತದೆ. ಸಿದ್ಧರೂಪದಲ್ಲಿ ಸಿಗುವ ರಾಶಿಚಿತ್ರಗಳಲ್ಲಿ ಇನ್ನೊಂದು ಅಪಾಯ. ಅವುಗಳೊಳಗೇ ನೆರಳು ಬರೆದಿರುತ್ತದೆ; ವೈವಿಧ್ಯಕ್ಕೆಂದು ಚಿತ್ರವನ್ನು ಅರ್ಧ ಸುತ್ತು ತಿರುಗಿಸಿದೊಡನೆ ನೆರಳೂ ತಿರುಗಿ ವಾಯವ್ಯಕ್ಕೇ ಬೀಳುತ್ತದೆ. ಪಕ್ಕದ ಗೋಡೆಯ ನೆರಳು ಆಗ್ನೇಯಕ್ಕಿರುವಾಗ ಇದು ಒಂದೇ ನಕ್ಷೆಯಲ್ಲಿ ಇಬ್ಬರು ಸೂರ್ಯರನ್ನು ನಿಲ್ಲಿಸಿದ ಹಾಗೆ. ತಿರುಗಿಸಬೇಕಾದ ಕಲ್ಲನ್ನು ನೆರಳಿಲ್ಲದೆ ತಿರುಗಿಸಿ, ನೆರಳನ್ನು ಕೊನೆಯಲ್ಲಿ ಪ್ರತ್ಯೇಕ ಪದರದಲ್ಲಿ ಹಾಕತಕ್ಕದ್ದು.

ನಿಂತ ಗೋಡೆಯ ವಿಷಯದಲ್ಲಿ ಒಂದು ರಿಯಾಯಿತಿ ಉಂಟು. 20 ಅಡಿಯ ಉತ್ತರ ಗೋಡೆ ಈ ಬೆಳಕಿನಲ್ಲಿ ಹಜಾರದೊಳಕ್ಕೆ 14 ಅಡಿಯಷ್ಟು ನೆರಳು ಚೆಲ್ಲುತ್ತದೆ, ನೆಲದ ಮೇಲಿನದೆಲ್ಲ ಕತ್ತಲೆಯಲ್ಲಿ ಮುಳುಗುತ್ತದೆ. ಆದ್ದರಿಂದ ನಕ್ಷೆಗಾರರು ನೆರಳನ್ನು ಮೊಟಕು ಮಾಡುತ್ತಾರೆ. ಹಾಗೆ ಮಾಡುವುದಾದರೆ ಗೋಡೆಗೂ ಕಲ್ಲಿಗೂ ಒಂದೇ ಪ್ರಮಾಣದಲ್ಲಿ ಮೊಟಕಾಗಲಿ.

“ಅಂಚ ಕಟ್ಟದಿರು.” ರಾಶಿಯ ಸುತ್ತ ಮುಚ್ಚಿದ ಗೆರೆ ಎಳೆಯಬಾರದು ಎಂದರ್ಥ. ಕಲ್ಲುಗಳು ತೆಳುವಾಗುತ್ತ, ಬಿಡಿಬಿಡಿಯಾಗುತ್ತ, ಒಂದೆರಡು ಒಂಟಿಯಾಗಿ ದೂರ ನಿಂತು ಮುಗಿಯಬೇಕು. ಇದಕ್ಕೆ ಬಲವಾದ ಪೂರ್ವಪಕ್ಷವೊಂದಿದೆ. ಆಟದ ನಿಯಮದಲ್ಲಿ ಕಲ್ಲುರಾಶಿ ದುರ್ಗಮ ನೆಲ. ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ನ 2014ರ ಐದನೆಯ ಆವೃತ್ತಿಯಂತೆ ಅದರ ಮೇಲೆ ಒಂದು ಅಡಿ ನಡೆಯಲು ಇನ್ನೊಂದು ಅಡಿಯ ನಡಿಗೆ ಹೆಚ್ಚಿಗೆ ಖರ್ಚಾಗುತ್ತದೆ. ಹಾಗಿರುವಾಗ ಯಾವ ಚೌಕ ದುರ್ಗಮ, ಯಾವುದು ಸುಗಮ ಎಂದು ಆಡುವವನಿಗೆ ನಿಸ್ಸಂದೇಹವಾಗಿ ತಿಳಿಯಬೇಡವೆ? ಅಂಚು ಕಟ್ಟದೆ ಅದು ಹೇಗೆ ಸಾಧ್ಯ? ಆಕ್ಷೇಪ ನ್ಯಾಯವಾದದ್ದೇ. ಸಮಾಧಾನವೆಂದರೆ, ಸ್ಪಷ್ಟತೆಯನ್ನು ಗೆರೆಯಿಂದ ಪಡೆಯದೆ ದಟ್ಟಣೆಯಿಂದ ಪಡೆಯಬೇಕು. ದುರ್ಗಮವೆಂದು ಎಣಿಸಬೇಕಾದ ಚೌಕದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ನೆಲ ಕಲ್ಲಿನಿಂದ ಮುಚ್ಚಿರಲಿ. ಸುಗಮವಾದ ಚೌಕದಲ್ಲಿ ಹೊರಬಿದ್ದ ಕಲ್ಲು ಒಂದೋ ಎರಡೋ ಇರಲಿ. ಅರ್ಧಂಬರ್ಧ ಮುಚ್ಚಿದ ಚೌಕಗಳನ್ನು ಕಲ್ಲುಗಳನ್ನು ತುಸು ಸರಿಸಿಯಾದರೂ ಇಲ್ಲವಾಗಿಸಲಿ. ಕಣ್ಣಿಗೆ ಅಂಚು ಮೃದು, ಲೆಕ್ಕಕ್ಕೆ ಅಂಚು ಖಚಿತ. ಚೌಕದ ಗೆರೆಗೇ ಸರಿಯಾಗಿ ಕಲ್ಲುಗಳನ್ನು ಕತ್ತರಿಸಿದಂತೆ ನಿಲ್ಲಿಸುವುದು ಮಾತ್ರ ಎಂದಿಗೂ ಸಲ್ಲದು.

“ಕಾಲವ ತೋರು, ಹಾದಿಯ ಬಿಡು.” ಎರಡು ವಿಧಿಗಳು ಒಂದೇ ಸೂತ್ರದಲ್ಲಿ ಸೇರಿರುವುದಕ್ಕೆ ಕಾರಣವುಂಟು, ರಾಶಿಯ ವಯಸ್ಸು ತಿಳಿಯದೆ ಅದರ ಮೇಲಿನ ಹಾದಿಯನ್ನು ಬರೆಯಲಾಗುವುದಿಲ್ಲ. ನಿನ್ನೆ ಬಿದ್ದ ಗೋಡೆಯ ಒಡಕು ಮುಖಗಳು ಹೊರಮುಖಕ್ಕಿಂತ ತಿಳಿಬಣ್ಣದವು, ಅಂಚು ಹರಿತ. ಸುತ್ತ ಗಾರೆಯ ಪುಡಿ ಹರಡಿ ನೆಲದ ಬಣ್ಣವೇ ಮಾಸಿರುತ್ತದೆ, ಯಾವ ಹಾದಿಯೂ ಇರುವುದಿಲ್ಲ. ಹತ್ತಾರು ಮಳೆಗಾಲ ಕಂಡ ರಾಶಿಯಲ್ಲಿ ಪುಡಿ ತೊಳೆದುಹೋಗಿ ಪೊಳ್ಳುಗಳಲ್ಲಿ ಮಣ್ಣು ಕೂತಿರುತ್ತದೆ, ಮಣ್ಣಿರುವಲ್ಲಿ ಹುಲ್ಲು. ಹುಲ್ಲು ಕಲ್ಲಿನ ಮೇಲೆ ಬೆಳೆಯದೆ ಸಂದುಗಳಲ್ಲಿ ಬೆಳೆಯುವುದರಿಂದ ಹಸಿರು ಗೆರೆಗೆರೆಯಾಗಿ ಕಾಣಬೇಕು. ನೂರಾರು ವರ್ಷದ ರಾಶಿ ಹುಲ್ಲಿನ ದಿಬ್ಬವೇ ಆಗಿ, ಅದರಿಂದ ಕೆಲವೇ ಕಲ್ಲುಗಳ ನೆತ್ತಿ ಮಾತ್ರ ಹೊರಗೆ ಕಾಣುತ್ತದೆ. ನೆತ್ತಿಯಲ್ಲಿ ಬೇರೂರಿದ ಒಂದು ಮರ ಅದರ ವಯಸ್ಸಿಗೆ ಸಾಕ್ಷಿಯಾಗುತ್ತದೆ. ಹಳೆಯ ರಾಶಿಯನ್ನು ದನವೋ ಜನವೋ ದಾಟಿದ್ದರೆ ಅತಿ ತಗ್ಗಾದ ಎಡೆಯಲ್ಲಿ ಸವೆದ ಮಣ್ಣಿನ ಪಟ್ಟಿಯೊಂದು ಇರಲೇಬೇಕು. ಬಾಗಿಲಿದ್ದ ಜಾಗ ಸಾಮಾನ್ಯವಾಗಿ ಅಂಥ ಎಡೆ. ಅಲ್ಲಿ ಬಿದ್ದ ಕಲ್ಲೇ ಕಡಿಮೆ. ಮೊದಲ ಸೂತ್ರದಲ್ಲಿ ಬಾಗಿಲನ್ನು ಗುರುತಿಸಿದ್ದವನಿಗೆ ಈಗ ಹಾದಿಯನ್ನು ಹುಡುಕುವ ಕೆಲಸವಿಲ್ಲ.

ಹಾದಿಯ ಅಗಲ ಒಂದು ಚೌಕ, 5 ಅಡಿ, ಇದ್ದರೆ ಒಬ್ಬರ ಹಿಂದೊಬ್ಬರು ಸಾಗಬಹುದು. ಇಕ್ಕೆಲದ ದಿಬ್ಬ ಬಾಣಕ್ಕೆ ಮರೆಯಾಗುತ್ತದೆ. ಅದೇ ಆವೃತ್ತಿಯ ನಿಯಮದಂತೆ ದೇಹದ ಅರ್ಧದಷ್ಟಾದರೂ ಮರೆಯಾದವನಿಗೆ ರಕ್ಷಣೆಯಲ್ಲಿ 2 ಅಂಕ ಹೆಚ್ಚು, ಮುಕ್ಕಾಲು ಮರೆಯಾದವನಿಗೆ 5. ಎದೆಮಟ್ಟದ ಬಂಡೆಯೊಂದನ್ನು ಹಾದಿಯ ತಿರುವಿನಲ್ಲಿ ಇಡಬೇಕೆ ಬೇಡವೆ ಎಂಬುದು ಆಗ ಅಲಂಕಾರದ ಮಾತಾಗಿ ಉಳಿಯುವುದಿಲ್ಲ. ಇಟ್ಟ ಬಂಡೆಯ ನೆರಳನ್ನು ಅದರ ಎತ್ತರಕ್ಕೆ ಸರಿಯಾಗಿ ಬರೆಯದಿದ್ದರೆ ಆಡುವವನಿಗೆ ಅದು ನೆಲದ ಚಪ್ಪಡಿಯಾಗಿ ಕಂಡು ಮರೆಯ ವಿಚಾರವೇ ತಪ್ಪಿಹೋಗುತ್ತದೆ. ಆದ್ದರಿಂದ ನಕ್ಷೆ ಮುಗಿಯಿತೆಂದು ತಿಳಿದ ಮೇಲೆ ಅದನ್ನು ಒಂದು ಅಂಗುಲದ ಚೌಕಕ್ಕೆ ಅಚ್ಚುಹಾಕಿ, ಮೇಜಿನ ಮೇಲಿಟ್ಟು, ನಿಂತ ಎತ್ತರದಿಂದ ನೋಡಿರಿ. ಹತ್ತಬೇಕಾದ್ದು ಎಲ್ಲಿ, ಅಡಗಬಹುದಾದ್ದು ಎಲ್ಲಿ, ದಾಟಬಹುದಾದ್ದು ಎಲ್ಲಿ ಎಂಬುದು ಕೇಳದೆಯೇ ತಿಳಿದರೆ ಕೆಲಸ ಮುಗಿದಿದೆ. ತಿಳಿಯದಿದ್ದರೆ ಕಲ್ಲನ್ನು ಹೆಚ್ಚಿಸಬೇಡಿ, ನೆರಳನ್ನು ತಿದ್ದಿರಿ.